ಹಾಯೆಲ್ ಸಂತಾಪ ಹೇಳಲು ಹೋದದ್ದು

ಮಿಥ್ಕಾಲ್ ಹಾಯೆಲ್‌ನನ್ನು ಮೊದಲು ಕಂಡದ್ದು ಮಾರ್ಚ್ ತಿಂಗಳ ಒಂದು ಗುರುವಾರ. ಮಿಥ್ಕಾಲ್ ಮಧ್ಯಾಹ್ನದ ನಮಾಜು ಮುಗಿಸಿ ಬಂದು ತನ್ನ ಮನೆಯ ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಬಿಚ್ಚುತ್ತಿದ್ದ. ಮಾದಬಾ ಪಟ್ಟಣದ ಅವನ ಏರುಬೀದಿಯಲ್ಲಿ ಒಂದು ಲಾರಿ ಏದುಸಿರು ಬಿಡುತ್ತ ಹತ್ತಿ ಬಂತು, ಹಿಂದೆಯೇ ಪೊಲೀಸ್ ಜೀಪು. ಲಾರಿಯಲ್ಲಿ ಹಾಸಿಗೆಗಳ ರಾಶಿ, ತಲೆಕೆಳಗಾಗಿ ಕಟ್ಟಿದ ಒಂದು ಫ್ರಿಜ್ಜು, ಅದಕ್ಕೆ ಒರಗಿ ಮೂವರು ಹೆಣ್ಣುಮಕ್ಕಳು. ಮುಂದಿನ ಸೀಟಿನಲ್ಲಿದ್ದ ಹೆಂಗಸಿನ ತೊಡೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ಬೋಗುಣಿ. ಬೆಳಿಗ್ಗೆ ರೊಟ್ಟಿಗೆಂದು ಕಲಸಿದ್ದ ಹಿಟ್ಟು ದಾರಿಯುದ್ದಕ್ಕೂ ಉಬ್ಬಿ, ಮುಚ್ಚಿದ ಬಟ್ಟೆಯನ್ನು ಎತ್ತಿ, ಅವಳ ಮಡಿಲಿಗೆ ಇಳಿಯುತ್ತಿತ್ತು.

ಜೀಪಿನಿಂದ ಇಳಿದವನು ಮಿಥ್ಕಾಲ್‌ನ ಕೈಕೆಳಗೆ ಕೆಲಸ ಮಾಡಿದ್ದ ಪೇದೆ. "ದಫೇದಾರ್ರೆ, ನಿಮ್ಮ ಕೆಳಗಿನ ಮನೆ ಖಾಲಿ ಇದೆಯಂತಲ್ಲ? ಕರಕ್ ಕಡೆ ಐನ್ ಸಿದ್ರ್ ಊರಿನೋರು. ಜಲ್ವಾ."

ಆ ಒಂದು ಮಾತು ಸಾಕಾಗಿತ್ತು. ಕೊಲೆಯಾದಾಗ ಕೊಂದವನ ನಂಟರಿಷ್ಟರೆಲ್ಲ ಊರು ಬಿಡಬೇಕು. ಸತ್ತವನ ಕಡೆಯವರ ಕಣ್ಣಿಗೆ ಬೀಳಬಾರದು. ಇಪ್ಪತ್ತಾರು ವರ್ಷ ಪೊಲೀಸ್ ನೌಕರಿ ಮಾಡಿದ ಮಿಥ್ಕಾಲ್ ಅಂಥ ಎಷ್ಟೋ ಕುಟುಂಬಗಳನ್ನು ತಾನೇ ಮುಂದೆ ನಿಂತು ಸಾಗಿಸಿದ್ದ. ಆದರೆ ಅವರು ಹೋಗಿ ಇಳಿಯುವ ಕಡೆ ಎಂದೂ ನಿಂತು ನೋಡಿರಲಿಲ್ಲ.

ಲಾರಿಯಿಂದ ಕೊನೆಗೆ ಇಳಿದವನೇ ಹಾಯೆಲ್. ನಲವತ್ತೈದರ ಆಸುಪಾಸು, ಕುಳ್ಳು, ತೋಳುಗಳು ಮಾತ್ರ ಗಟ್ಟಿ. ಮನೆಯೊಳಗೆ ಹೋಗಿ ನೋಡಲೂ ಇಲ್ಲ.

"ವಾರದ ಲೆಕ್ಕದಲ್ಲಿ ಕೊಡ್ತೀರಾ?" ಎಂದ.

"ವಾರಕ್ಕೆ ಯಾರಯ್ಯಾ ಮನೆ ಕೊಡ್ತಾರೆ? ಇದೇನು ಮದುವೆ ಶಾಮಿಯಾನಾನಾ?"

"ಜಾಸ್ತಿ ದಿನ ಇರಲ್ಲ ನಾವು."

ಅವನ ಹೆಂಡತಿ ತುರ್ಕಿಯಾ ಬೋಗುಣಿ ಹೊತ್ತುಕೊಂಡೇ ಕೇಳಿದಳು: "ಅಣ್ಣಾ, ಮಾತು ಆಮೇಲಾಡಿ. ಒಲೆ ಎಲ್ಲಿದೆ ಹೇಳಿ. ಹಿಟ್ಟು ಹುಳಿ ಹಿಡೀತಿದೆ." ಆ ದಿನ ಮೇಲಿನ ಮನೆಯವರೂ ಕೆಳಗಿನವರೂ ಹುಳಿ ರೊಟ್ಟಿಯನ್ನೇ ತಿಂದರು.

ಹಾಯೆಲ್ ಐನ್ ಸಿದ್ರ್‌ನಲ್ಲಿ ಹದಿನೆಂಟು ವರ್ಷ ಶಾಲೆಯ ಬಸ್ಸು ಓಡಿಸಿದವನು. ಕೊಂದವನು ಅವನಿಗೆ ಅಜ್ಜನ ತಮ್ಮನ ಮೊಮ್ಮಗ. ಅವನ ಜೊತೆ ಹಾಯೆಲ್ ಜೀವಮಾನದಲ್ಲಿ ಮಾತಾಡಿದ್ದು ಎರಡು ಸಲವೋ ಮೂರು ಸಲವೋ. ಪೆಟ್ರೋಲ್ ಬಂಕಿನ ಸಾಲಿನಲ್ಲಿ ಯಾರು ಮುಂದು ಎಂಬ ಜಗಳದಲ್ಲಿ ಆ ಪುಣ್ಯಾತ್ಮ ಚಾಕು ತೆಗೆದಿದ್ದ. ಸತ್ತದ್ದು ಅದೇ ಊರಿನ ದೈಫಲ್ಲಾನ ಮಗ ಮುತ್ಲಕ್, ಇಪ್ಪತ್ತೆರಡು ವರ್ಷ. ಕೊಂದವನು ಗಂಟೆಯೊಳಗೆ ಸಿಕ್ಕಿದ. ಮುಂದೆ ಕೋರ್ಟು ಅವನಿಗೆ ಶಿಕ್ಷೆಯನ್ನೂ ಕೊಟ್ಟಿತು. ಆದರೂ ಕೊಲೆಯಾದ ದಿನವೇ ಅವನ ನಂಟರ ನಲವತ್ತೊಂದು ಮನೆಗಳಿಗೆ ಬೀಗ ಬಿತ್ತು.

ಮಿಥ್ಕಾಲ್ ಮತ್ತು ಹಾಯೆಲ್ ದಿನಾ ಸಂಜೆ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದರು, ದಿನಾ ಜಗಳವಾಡುತ್ತಿದ್ದರು. ಅಸಲಿಗೆ ಕೂರುತ್ತಿದ್ದವನು ಮಿಥ್ಕಾಲ್ ಒಬ್ಬನೇ. ಹಾಯೆಲ್ ಲೋಟ ಹಿಡಿದು ಗೇಟಿನಿಂದ ಗೋಡೆಗೆ, ಗೋಡೆಯಿಂದ ಗೇಟಿಗೆ ತಿರುಗುತ್ತಿದ್ದ.

"ಚಾಕು ಹಾಕಿದೋನು ಜೈಲಲ್ಲಿದಾನೆ. ನನ್ನ ಮಕ್ಕಳು ಏನು ಹಾಕಿದ್ರು, ಹೇಳಿ?"

"ನಿನ್ನ ಮಕ್ಕಳು ಬದುಕಿರಲಿ ಅಂತಾನೇ ಅಲ್ವೇನಯ್ಯಾ ಸಾಗಿಸಿದ್ದು! ಒಂದು ಹೆಣ ಬಿದ್ದ ಮನೆ ಮುಂದೆ ನೀನು ದಿನಾ ಬಸ್ಸು ಓಡಿಸ್ಕೊಂಡು ಹೋದ್ರೆ ಸತ್ತೋನ ತಮ್ಮಂದಿರು ಕೈ ಕಟ್ಟಿ ಕೂರ್ತಾರಾ? ನಾನು ನೋಡಿದೀನಿ. ಒಂದು ಇದ್ದದ್ದು ಐದಾಗುತ್ತೆ."

"ಅವರು ಕೈ ಮಾಡಿದ್ರೆ ಅವರನ್ನ ಹಿಡೀರಿ. ಅದಕ್ಕೆ ತಾನೇ ನಿಮಗೆ ಲಾಠಿ ಕೊಟ್ಟಿರೋದು?"

"ಮನೆಗೊಬ್ಬ ಪೇದೆ ನಿಲ್ಲಿಸೋಕೆ ಆಗಲ್ಲಪ್ಪಾ. ನಲವತ್ತು ಮನೆ ಎತ್ತಿದ್ರೆ ಊರು ಸುಮ್ಮನಿರುತ್ತೆ. ಸಾರ್ವಜನಿಕರ ಸುರಕ್ಷತೆ ಅಂದ್ರೆ ಅಷ್ಟೇ."

"ನಾವು ಸಾರ್ವಜನಿಕರಲ್ವಾ ದಫೇದಾರ್ರೆ?"

ಇಂಥ ಮಾತಿಗೆ ಮಿಥ್ಕಾಲ್ ಚಹಾ ಆರಿತು ಎನ್ನುತ್ತಿದ್ದ.

ಹೆಚ್ಚುಕಮ್ಮಿ ಮೂರು ವರ್ಷ ಹೀಗೇ ಕಳೆಯಿತು. ಹಾಯೆಲ್ ತರಕಾರಿ ವ್ಯಾನು ಓಡಿಸಿದ, ಕಲ್ಲಿನ ಲಾರಿ ಓಡಿಸಿದ, ಎಲ್ಲಿಯೂ ಆರು ತಿಂಗಳು ನಿಲ್ಲಲಿಲ್ಲ. ಗೋಡೆಗೆ ಒಂದು ಮೊಳೆ ಹೊಡೆಯಲು ಹೆಂಡತಿಗೆ ಬಿಡಲಿಲ್ಲ. ಬೆಳಿಗ್ಗೆ ಐದಕ್ಕೇ ಎದ್ದು, ಓಡಿಸಲು ಬಸ್ಸಿಲ್ಲದೆ, ಬೀದಿಯ ತುದಿಯವರೆಗೆ ನಡೆದು ವಾಪಸು ಬರುತ್ತಿದ್ದ.

ಮೂರನೆಯ ವರ್ಷದ ಚಳಿಗಾಲದಲ್ಲಿ, ಎರಡೂ ಕಡೆಯ ನಡುವೆ ಓಡಾಡುತ್ತಿದ್ದ ಮಧ್ಯಸ್ಥರ ಮಾತು ಫಲಿಸಿತು. ಕೊಂದವನ ತಂದೆಯ ಮನೆಯೊಂದನ್ನು ಬಿಟ್ಟು ಉಳಿದ ನಲವತ್ತು ಮನೆಯವರೂ ತಿಂಗಳ ಕೊನೆಗೆ ಊರು ಸೇರಬಹುದು ಎಂದು ದೈಫಲ್ಲಾ ಒಪ್ಪಿದ. ಆ ದಿನ ಎರಡೂ ಕಡೆಯ ಹಿರಿಯರೆಲ್ಲ ಅವನ ಮನೆಯಲ್ಲಿ ಕೂತು ಒಟ್ಟಿಗೆ ಕಾಫಿ ಕುಡಿಯುವುದು, ಅಲ್ಲಿಗೆ ಹಗೆ ಮುಗಿಯುವುದು. ಸತ್ತವನ ಮನೆಯ ಕಾಫಿಯನ್ನು ಎದುರು ಕಡೆಯವನು ಅದಕ್ಕೆ ಮುಂಚೆ ಮುಟ್ಟುವಂತಿಲ್ಲ. ಮುಟ್ಟಿದರೆ, ಸತ್ತವನ ಕಡೆಯವರು ಕ್ಷಮಿಸುವ ಮೊದಲೇ ಕೊಲೆಯ ಲೆಕ್ಕವನ್ನು ತಾನೇ ಮುಗಿಸಿಬಿಟ್ಟ ಹಾಗೆ. ಹಾಯೆಲ್ ಹಾಸಿಗೆ ಕಟ್ಟತೊಡಗಿದ. ಅವನು ನಕ್ಕದ್ದನ್ನು ಮಿಥ್ಕಾಲ್ ನೋಡಿದ್ದು ಅದೇ ಮೊದಲು.

ಇನ್ನು ಒಂಬತ್ತು ದಿನ ಇರುವಾಗ ದೈಫಲ್ಲಾನ ತಾಯಿ ಹಾಜ್ಜಾ ಫಿದ್ದಾ ತೀರಿಕೊಂಡ ಸುದ್ದಿ ಬಂತು.

ಆ ಮುದುಕಿ ವಾರಕ್ಕೆರಡು ಸಲ ಹಾಯೆಲ್‌ನ ಬಸ್ಸಿನ ಮುಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದವಳು. "ನನ್ನ ಡ್ರೈವರ್ರು" ಎಂದೇ ಕರೆಯುತ್ತಿದ್ದಳು. ಗುಂಡಿಗೆ ಚಕ್ರ ಇಳಿದರೆ ಬೆನ್ನಿಗೆ ಕೋಲಿನಲ್ಲಿ ತಿವಿಯುತ್ತಿದ್ದಳು.

"ನಾನು ಹೋಗ್ಬೇಕು," ಎಂದ ಹಾಯೆಲ್.

"ತಲೆ ಕೆಟ್ಟಿದೆಯಾ?" ತುರ್ಕಿಯಾ ಕೈಯಲ್ಲಿದ್ದ ಹಗ್ಗ ಕೆಳಗೆ ಹಾಕಿದಳು. "ಒಂಬತ್ತು ದಿನ! ಯಾರ ಕೈಲಾದ್ರೂ ಹೇಳಿ ಕಳಿಸಿ."

"ಸಂತಾಪ ಮೂರೇ ದಿನ ಕಣೇ. ಒಂಬತ್ತು ದಿನ ಬಿಟ್ಟು ಹೋಗಿ, ನಿಮ್ಮಮ್ಮ ಸತ್ತಿದ್ದು ಈಗ ಗೊತ್ತಾಯ್ತು ಅನ್ನಲಾ? ಆಮೇಲೆ ಅವರ ಪಕ್ಕದಲ್ಲೇ ಬದುಕ್ಬೇಕು. ಯಾವ ಮುಖ ಇಟ್ಕೊಂಡು ಬದುಕಲಿ?"

ತಡೆಯಲು ಆಗದು ಎಂದು ಕಂಡ ಮೇಲೆ ಮಿಥ್ಕಾಲ್ ತಾನೂ ಹೊರಟ. ತನ್ನ ಕಾರಿನಲ್ಲಿ ತಾನೇ ಕರೆದೊಯ್ದ. ದಾರಿಯುದ್ದಕ್ಕೂ ಹೇಳಿದ್ದನ್ನೇ ಹೇಳಿದ: "ಒಳಗೆ ಹೋಗು, ದೇವರು ಅವರಿಗೆ ಒಳ್ಳೇದು ಮಾಡ್ಲಿ ಅನ್ನು, ತಿರುಗು. ಕೂರ್ಬೇಡ. ಕೇಳಿಸ್ತಾ?"

"ಕೇಳಿಸ್ತು."

ಐನ್ ಸಿದ್ರ್‌ನ ಮೈದಾನದಲ್ಲಿ ಉದ್ದನೆಯ ಡೇರೆ. ಸಂಜೆ ನಾಲ್ಕು ಗಂಟೆಯ ಬಿಸಿಲು. ಇಬ್ಬರೂ ಒಳಗೆ ಕಾಲಿಟ್ಟಾಗ ಮಾತು ಒಂದೊಂದೇ ಕುರ್ಚಿಯಲ್ಲಿ ನಿಂತುಹೋಯಿತು. ಹಾಯೆಲ್ ದೈಫಲ್ಲಾನ ಮುಂದೆ ಹೋಗಿ ಕೈ ಚಾಚಿದ. ದೈಫಲ್ಲಾ ಬಹಳ ಹೊತ್ತು ಆ ಕೈಯನ್ನೇ ನೋಡಿ, ಕೊನೆಗೆ ಹಿಡಿದ. 

ಆಗ ಕಾಫಿ ಹಂಚುವ ಮುದುಕ ಬಂದ. ಅವನಿಗೆ ಕಣ್ಣು ಮಂಜು. ಯಾರು ಎತ್ತ ಎಂದು ನೋಡುವವನಲ್ಲ. ಕೈಗೆ ಸಿಕ್ಕವರಿಗೆಲ್ಲ ಬಟ್ಟಲು ಕೊಡುವುದು ಅವನ ಕೆಲಸ. ಸಾವಿನ ಮನೆಯ ಕಹಿ ಕಾಫಿಯ ಪುಟ್ಟ ಬಟ್ಟಲು ಹಾಯೆಲ್‌ನ ಕೈಗೆ ಬಂತು.

ಕುಡಿಯದಿದ್ದರೆ ಮುದುಕಿಗೆ ಅವಮಾನ. ಕುಡಿದರೆ ಮುತ್ಲಕ್‌ಗೆ. ಬಟ್ಟಲನ್ನು ಕೆಳಗಿಡು ಎಂದು ಮಿಥ್ಕಾಲ್ ಕಣ್ಣಿನಲ್ಲೇ ಸನ್ನೆ ಮಾಡಿದ. ಹಾಯೆಲ್ ಅವನ ಕಡೆ ನೋಡಲಿಲ್ಲ. ಒಂದೇ ಗುಟುಕಿಗೆ ಕುಡಿದು, ಸಾಕು ಎಂಬಂತೆ ಬಟ್ಟಲನ್ನು ಅಲ್ಲಾಡಿಸಿ ಮುದುಕನ ಕೈಗಿತ್ತ.

ಡೇರೆಯ ಹಿಂಭಾಗದಲ್ಲಿ ಕುರ್ಚಿಗಳು ಉರುಳಿದವು. "ನಮ್ಮಣ್ಣನ ರಕ್ತ ಕುಡಿದು ಅರಗಿಸ್ಕೊಂಡ್ಯೇನೋ?" ಎಂದು ಒಬ್ಬ ಹುಡುಗ ಕೂಗಿದ, ಅವನು ಮುತ್ಲಕ್‌ನ ತಮ್ಮ. ದೈಫಲ್ಲಾ ಎದ್ದು ಹಾಯೆಲ್‌ನ ಮುಂದೆ ಅಡ್ಡ ನಿಂತ.

"ಯಾರೂ ಮುಟ್ಬೇಡಿ! ಅಮ್ಮನ ಡೇರೆಯಲ್ಲಿದಾನೆ." ಆಮೇಲೆ ಹಾಯೆಲ್ ಕಡೆ ತಿರುಗಿ, ತಗ್ಗಿದ ದನಿಯಲ್ಲಿ, "ಆ ದಿನ ಕಾಫಿ ಕೊಡೋನು ನಾನು ಕಣೋ. ನಾನು ಕೊಡೋಕೆ ಮುಂಚೆ ನೀನೇ ತಗೊಂಡ್ಯಲ್ಲ. ಹೋಗು, ಬೇಗ ಹೋಗು," ಎಂದ.

ಕಾರು ಹತ್ತುತ್ತಲೇ ಮಿಥ್ಕಾಲ್ ಗದರಿದ: "ಕೆಳಗಿಡು ಅಂತ ಸನ್ನೆ ಮಾಡಿದೆನಲ್ಲೋ!"

"ಅವಳ ಕಾಫಿ ಅದು. ಹೇಗಿಡಲಿ?"

ತಿಂಗಳ ಕೊನೆಗೆ ಮೂವತ್ತೊಂಬತ್ತು ಮನೆಗಳ ಬೀಗ ತೆರೆಯಿತು. ಮಧ್ಯಸ್ಥರು ಎಷ್ಟೇ ಬೇಡಿದರೂ ದೈಫಲ್ಲಾ ಹಾಯೆಲ್‌ನ ಹೆಸರನ್ನು ಮಾತ್ರ ಪಟ್ಟಿಗೆ ಸೇರಿಸಲಿಲ್ಲ. ಸೇರಿಸಿದರೆ ತನ್ನ ಮಕ್ಕಳನ್ನು ತಡೆದಿಡಲು ತನ್ನಿಂದಾಗದು ಎಂದ. ಹಾಯೆಲ್‌ನ ಸ್ವಂತ ಅಣ್ಣತಮ್ಮಂದಿರೂ ಅವನಿಗೆ ಫೋನು ಮಾಡಿ ಬೈದರು: "ನಿನ್ನ ಒಂದು ಗುಟುಕಿಗೆ ನಮ್ಮೆಲ್ಲರ ಮನೆ ಹೋಗ್ತಿತ್ತಲ್ಲೋ!"

ಮಿಥ್ಕಾಲ್ ಅವನನ್ನು ಕರೆದುಕೊಂಡು ಜಿಲ್ಲಾ ಕಚೇರಿಗೆ ಹೋದ. ಅಧಿಕಾರಿ ಸಭ್ಯ ಮನುಷ್ಯ, ಎದ್ದು ಕುರ್ಚಿ ತೋರಿಸಿದ.

"ಇವರ ಮೇಲೆ ಯಾವ ಕೇಸೂ ಇಲ್ಲ. ಊರಿಗೆ ಹೋಗ್ಬೇಡಿ ಅನ್ನೋ ಕಾನೂನೂ ಇಲ್ಲ. ಆದ್ರೆ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ನಾನು ಹೊಣೆ ಹೊರೋಕಾಗಲ್ಲ. ಸಾರ್ವಜನಿಕರ ಸುರಕ್ಷತೆ ನೋಡಿ…"

"ಇವನು ಸಾರ್ವಜನಿಕರಲ್ಲಿ ಒಬ್ಬ ಅಲ್ವಾ ಸ್ವಾಮಿ?" ಮಿಥ್ಕಾಲ್‌ನ ದನಿ ಜೋರಾಯಿತು. "ಕೈ ಮಾಡೋರನ್ನ ಹಿಡಿಯೋದು ಬಿಟ್ಟು ಕಾಫಿ ಕುಡಿದೋನನ್ನ ಊರು ಬಿಡಿಸ್ತೀರಾ?"

"ನೀವು ನೌಕರಿ ಮಾಡಿದೋರು, ನಿಮಗೆ ಗೊತ್ತಿಲ್ವೇ ದಫೇದಾರ್ರೆ? ಮನೆಗೊಬ್ಬ ಪೇದೆ ನಿಲ್ಲಿಸೋಕೆ ಆಗುತ್ತಾ?"

 ಹಾಯೆಲ್ ಆಗಲೇ ಎದ್ದು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗತೊಡಗಿದ್ದ. "ಊರಿಗೆ ವಾಪಸು ಹೋಗೋಕೆ ಅರ್ಜಿ ಎಲ್ಲಿ ಕೊಡ್ಬೇಕು, ಅದನ್ನ ಹೇಳಿ," ಎಂದ.

ಅದಾಗಿ ಎರಡು ವರ್ಷವಾಯಿತು. ಹಾಯೆಲ್ ಈಗ ಮಾದಬಾದಲ್ಲಿ ಹೆಣ್ಣುಮಕ್ಕಳ ಶಾಲೆಯೊಂದರ ಬಸ್ಸು ಓಡಿಸುತ್ತಾನೆ. ಬೆಳಿಗ್ಗೆ ಆರೂಕಾಲಿಗೆ ಹೊರಟು ಮಧ್ಯಾಹ್ನ ಎರಡಕ್ಕೆ ಮುಗಿಸುತ್ತಾನೆ. ಮೂರು ತಿಂಗಳಿಗೊಮ್ಮೆ ರಜೆ ಹಾಕಿ ಜಿಲ್ಲಾ ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಬರುತ್ತಾನೆ. ಇದುವರೆಗೆ ಎಂಟು ಕೊಟ್ಟಿದ್ದಾನೆ. ಅರ್ಜಿ ಬರೆದುಕೊಡುವುದು ಮಿಥ್ಕಾಲ್.