ಚೈತ್ರಾಳ ಕಾರ್ಡಿನಲ್ಲಿ ನಾನು ಬರೆದ ತಾರೀಕು

ಸುಜಾತಾ, ಚೈತ್ರಾಳ ಲಸಿಕೆ ಕಾರ್ಡಿನಲ್ಲಿ ಎರಡನೆಯ ಚುಚ್ಚುಮದ್ದಿನ ಎದುರಿಗಿರುವ ತಾರೀಕು ಸುಳ್ಳು. ಆ ಮದ್ದು ನಿನ್ನ ಮಗಳ ಮೈಗೆ ಹೋಗಲೇ ಇಲ್ಲ. ತಾರೀಕು ಬರೆದವಳು ನಾನು — ನಿನ್ನ ಒಡಹುಟ್ಟಿದ ಅಕ್ಕ. ಸಾಸ್ತಾನದ ಹತ್ತಿರದ ಅಂಗನವಾಡಿಯಲ್ಲಿ ಇಪ್ಪತ್ತು ವರ್ಷದಿಂದ ಟೀಚರಾಗಿ, ‘ಮಕ್ಕಳಿಗೆ ಲಸಿಕೆ ತಪ್ಪಿಸಬೇಡಿ’ ಎಂದು ಮನೆ ಮನೆಗೆ ಹೋಗಿ ಗಂಟಲು ಹರಿದುಕೊಂಡವಳು.

ಹೇಗಾಯಿತು ಎಂದು ಹೇಳುತ್ತೇನೆ. ಯಾಕಾಯಿತು ಎಂಬುದಕ್ಕೆ ನನ್ನ ಹತ್ತಿರ ಮರ್ಯಾದೆಯ ಉತ್ತರವಿಲ್ಲ.

ಚೈತ್ರಾಳಿಗೆ ಥಲಸ್ಸೇಮಿಯಾ ಎಂದು ತಿಳಿದಾಗ ಅವಳಿಗೆ ವರ್ಷವೂ ತುಂಬಿರಲಿಲ್ಲ. ಅಂದಿನಿಂದ ಮೂರು ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಿ ರಕ್ತ ಹಾಕಿಸುವುದು. ನಮ್ಮ ಎರಡೂ ಮನೆಗಳ ಪಂಚಾಂಗವೇ ಬೇರೆಯಾಯಿತಲ್ಲ — ರಕ್ತ ಹಾಕಿದ ಮೇಲಿನದು ಬಣ್ಣದ ವಾರ, ಕೆನ್ನೆ ಕೆಂಪಾಗಿ ಮನೆಯೆಲ್ಲ ಕುಣಿದಾಡುವ ವಾರ; ಮುಂದಿನ ಬಾಟಲಿಗೆ ಮೊದಲಿನದು ಸಪ್ಪೆ ವಾರ. ಊರಿನವರು ಮುಹೂರ್ತ ನೋಡಿದರೆ ನಾವು ಬಣ್ಣದ ವಾರ ನೋಡುತ್ತಿದ್ದೆವು. ನೆಂಟರ ಮನೆ, ಮದುವೆ, ಕೊಲ್ಲೂರು — ಎಲ್ಲ ಆ ಏಳು ದಿನದೊಳಗೆ. ಆ ವಾರವನ್ನು ಹಾಳುಮಾಡುವುದೆಂದರೆ ಮಗುವಿನ ಬಾಯಿಂದ ತುತ್ತು ಕಿತ್ತಂತೆ ಎಂದು ನಾವೆಲ್ಲ ನಂಬಿದ್ದೆವು. ನನ್ನ ತಪ್ಪು ಹುಟ್ಟಿದ್ದು ಆ ನಂಬಿಕೆಯಲ್ಲೇ.

ಅವಳಿಗೆ ಏಳಾದಾಗ, ಹೊಟ್ಟೆಯೊಳಗಿನ ಗುಲ್ಮ ಊದಿಕೊಂಡಿದೆ, ಹಾಕಿದ ರಕ್ತವನ್ನು ಅದೇ ತಿಂದುಹಾಕುತ್ತಿದೆ, ತೆಗೆಯಬೇಕು ಎಂದರು ಡಾಕ್ಟರು. ಗುಲ್ಮವಿಲ್ಲದ ಮಗುವಿಗೆ ಕೆಲವು ಸೋಂಕು ಬಂದರೆ ತಡೆಯುವುದು ಕಷ್ಟ, ಆದ್ದರಿಂದ ಆಪರೇಷನ್ನಿಗೆ ಎರಡು ವಾರ ಮೊದಲೇ ಅವನ್ನು ತಡೆಯುವ ಎರಡು ಚುಚ್ಚುಮದ್ದೂ ಮುಗಿದಿರಬೇಕು ಎಂದು ನಮ್ಮಿಬ್ಬರನ್ನೂ ಕೂರಿಸಿ ಹೇಳಿದರು. ಮೊದಲನೆಯದನ್ನು ನೀನೇ ಹಾಕಿಸಿದೆ. ಎರಡನೆಯದರ ದಿನ ಗೇರುಬೀಜದ ಕಾರ್ಖಾನೆಯಲ್ಲಿ ನಿನಗೆ ರಜೆ ಸಿಗಲಿಲ್ಲ. ಮಗುವನ್ನೂ ಕಾರ್ಡನ್ನೂ ನನ್ನ ಕೈಗೆ ಕೊಟ್ಟು ಬಾರ್ಕೂರಿನಲ್ಲಿ ಬಸ್ಸು ಹತ್ತಿಸಿದೆ.

ಅದು ಬಣ್ಣದ ವಾರ. ಮಾರನೆಯ ದಿನ ಅವಳ ಶಾಲೆಯ ವಾರ್ಷಿಕೋತ್ಸವ. ಹಿಂದಿನ ಎರಡು ವರ್ಷವೂ ಅದು ಸಪ್ಪೆ ವಾರದಲ್ಲೇ ಬಿದ್ದು, ಅವಳು ನಿನ್ನ ಮಡಿಲಲ್ಲಿ ಕುಳಿತು ಬೇರೆ ಮಕ್ಕಳ ಕುಣಿತ ನೋಡಿದ್ದಳು. ಬ್ರಹ್ಮಾವರದಲ್ಲಿ ಬಸ್ಸಿಳಿದವಳೇ ನನ್ನ ಸೆರಗು ಹಿಡಿದು ನಿಂತಳು.

“ದೊಡ್ಡಮ್ಮ, ಇವತ್ತ್ ಬ್ಯಾಡ. ಹೋದ್ ಸಲ ಸೂಜಿ ಹಾಕಿ ಎರ್ಡ್ ದಿನ ಜ್ವರ ಬಂದಿತ್ತಲೆ? ನಾಳಿಗ್ ಜ್ವರ ಬಂದ್ರೆ ನಾ ಡ್ಯಾನ್ಸ್ ಮಾಡುದ್ ಹ್ಯಾಂಗ್?”

ಊರಿನ ಎಷ್ಟು ತಾಯಂದಿರು ಇದೇ ಮಾತು ಹೇಳಿದ್ದರು, ಎಷ್ಟು ಜನರನ್ನು ನಾನು ಗದರಿಸಿದ್ದೆ! ಆದರೆ ಅವಳ ಮುಖ ನೋಡಿದೆ, ಕರಗಿಹೋದೆ. ಡಾಕ್ಟರ ಬಾಗಿಲಿಗೆ ಹೋಗುವ ಬದಲು ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದೆ. “ಅಮ್ಮಂಗ್ ಹೇಳ್ಬೇಡ, ಮುಂದಿನ್ ವಾರ ಬಂದ್ ಹಾಕ್ಸುವ” ಎಂದೆ. ಏಳು ವರ್ಷದ ಮಗುವಿಗೆ ಸುಳ್ಳನ್ನು ಕಲಿಸಿದವಳೂ ನಾನೇ.

ಸಂಜೆ ನೀನು ಕೇಳಿದೆ, “ಹಾಕ್ಸ್‌ದ್ಯಾ ಅಕ್ಕ?” ನಾನು ಹೂಂ ಎಂದೆ. ಅಷ್ಟೇ, ಒಂದು ಹೂಂ.

ಮುಂದಿನ ವಾರ ಊರಿನ ಮಕ್ಕಳಿಗೆ ಪೋಲಿಯೋ ಹನಿ ಹಾಕಿಸುವ ಓಡಾಟ. ಅದರ ಮುಂದಿನ ವಾರ ಏನೋ ಮೀಟಿಂಗು. ಅಷ್ಟರಲ್ಲಿ ಆಪರೇಷನ್ನಿಗೆ ದಿನ ಬಂತು, ನೀನು ಕಾರ್ಡು ಕೇಳಿದೆ. ಆಗಲಾದರೂ ಬಾಯಿ ಬಿಟ್ಟಿದ್ದರೆ ಆಪರೇಷನ್ ಸ್ವಲ್ಪ ಮುಂದೆ ಹೋಗುತ್ತಿತ್ತು, ನೀನು ನಾಲ್ಕು ಮಾತು ಬೈಯುತ್ತಿದ್ದೆ. ನಿನ್ನ ಬೈಗುಳಕ್ಕೆ ಹೆದರಿದೆ ಎಂದರೆ ಅದೂ ಪೂರ್ತಿ ನಿಜವಲ್ಲ — ಊರಿಗೆಲ್ಲ ಬುದ್ಧಿ ಹೇಳುವ ಟೀಚರು ಸಣ್ಣವಳಾಗಲು ಒಪ್ಪಲಿಲ್ಲ. ನೂರಾರು ಕಾರ್ಡು ತುಂಬಿಸಿದ ಕೈ, ಇದನ್ನೂ ತುಂಬಿಸಿತು. ಡಾಕ್ಟರು ಕಾರ್ಡು ನೋಡಿ ನಂಬಿದರು.

ಒಂದೂವರೆ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಜ್ವರ ಬಂತು; ಮಧ್ಯಾಹ್ನಕ್ಕೆ ಅವಳಿಗೆ ನಮ್ಮ ಗುರುತಿಲ್ಲ. ಮಿದುಳು ಜ್ವರ. ಹನ್ನೊಂದು ದಿನ ಆಸ್ಪತ್ರೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತಿದ್ದೆವು. ಮಗು ಬದುಕಿತು, ಎಡಗಿವಿ ಹೋಯಿತು. ಲಸಿಕೆ ಆದವರಿಗೂ ಒಮ್ಮೊಮ್ಮೆ ಹೀಗಾಗುವುದುಂಟು ಎಂದರು ಡಾಕ್ಟರು. ಆ ಒಂದು ಮಾತಿನ ಹಿಂದೆ ನಾನು ಇಷ್ಟು ವರ್ಷ ಅಡಗಿ ಕುಳಿತೆ. ಹಾಕಿಸಿದ್ದರೂ ಬರುತ್ತಿತ್ತೇನೋ — ಯಾರಿಗೆ ಗೊತ್ತು? ಯಾರಿಗೂ ಗೊತ್ತಾಗದಂತೆ ಮಾಡಿದ್ದೇ ನಾನು.

ಹಾಗೆಯೇ ಸಾಯುವವರೆಗೂ ಸುಮ್ಮನಿದ್ದುಬಿಡುತ್ತಿದ್ದೆ ಅಂತ ಕಾಣುತ್ತದೆ. ಆದರೆ ‘ಐದು ವರ್ಷವಾಯಿತು, ಆ ಮದ್ದನ್ನು ಇನ್ನೊಮ್ಮೆ ಹಾಕಿಸಬೇಕು’ ಎಂದು ಕಳೆದ ಸಲ ಡಾಕ್ಟರು ಹೇಳಿದಾಗ ನೀನು ಎಲ್ಲರೆದುರು ಏನು ಹೇಳಿದೆ?

“ಆಗ ಹಾಕ್ಸಿಯೂ ಎಡದ್ ಕೆಮಿ ಹೋಯ್ತಲೆ? ಇನ್ ಆ ಸೂಜಿ ಬ್ಯಾಡ.”

ಪಕ್ಕದ ಮಂಚದಲ್ಲಿ ರಕ್ತ ಹಾಕಿಸಿಕೊಳ್ಳುತ್ತಿದ್ದ ಹುಡುಗಿಯ ತಾಯಿ, ಬೈಂದೂರಿನವರು, ನಿನ್ನ ಮುಖವನ್ನೇ ನೋಡಿದರು. ಮಗಳ ಚುಚ್ಚುಮದ್ದಿನ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ನಾನು ಅಲ್ಲೇ ನಿಂತಿದ್ದೆ, ಸುಜಾತಾ.

ಆ ಮದ್ದು ನಿನಗೆ ಮೋಸ ಮಾಡಿಲ್ಲ. ಮೋಸ ಮಾಡಿದವಳು ನಾನು. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಬೇಡ.

ನಾಳೆ ರಕ್ತ ಹಾಕಿಸುವ ದಿನ. ಬೆಳಿಗ್ಗೆಯೇ ಬಂದು ಈ ಕಾಗದ ನಿನ್ನ ಕೈಗೆ ಕೊಡುತ್ತೇನೆ, ನೀನು ಓದಿ ಮುಗಿಸುವವರೆಗೆ ಎದುರಿಗೇ ಇರುತ್ತೇನೆ. ಆಮೇಲೆ ನೀನು ಮಾತು ಬಿಟ್ಟರೂ ಸರಿ, ಡಾಕ್ಟರಿಗೆ ನಾನೇ ಹೇಳುತ್ತೇನೆ. ಬೈಂದೂರಿನ ಆ ತಾಯಿಗೂ ಹೇಳುತ್ತೇನೆ. ನನ್ನ ಕೆಲಸಕ್ಕೆ ಕುತ್ತು ಬಂದರೆ ಬರಲಿ.

ಚೈತ್ರಾಳಿಗೆ ಈಗ ಹನ್ನೆರಡು. ಐಸ್‌ಕ್ರೀಮಿನ ಆ ದಿನ ಅವಳಿಗೆ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗೆ ಬಂದಿಲ್ಲ. ನೆನಪಿದ್ದರೆ — ‘ನಾನು ಬೇಡ ಎಂದದ್ದಕ್ಕೇ ಕಿವಿ ಹೋಯಿತು’ ಎಂದು ಆ ಮಗು ಇಷ್ಟು ವರ್ಷ ಒಬ್ಬಳೇ ಅಂದುಕೊಂಡಿರಬಹುದು. ‘ತಪ್ಪು ನಿನ್ನದಲ್ಲ, ದೊಡ್ಡವಳಾಗಿದ್ದವಳು ನಾನು’ ಎಂದು ಅವಳಿಗೆ ಹೇಳಬೇಕು. ಅವಳ ಬಲಗಡೆ ಕುಳಿತು, ಒಂದಕ್ಷರವೂ ತಪ್ಪದೆ ಅವಳಿಗೆ ಕೇಳಿಸುವ ಹಾಗೆ ಹೇಳುತ್ತೇನೆ.