ಬಲಕ್ಕೆ ಹದಿನಾಲ್ಕು ಕ್ಲಿಕ್

ನಮ್ಮ ಮನೆಯಲ್ಲಿ ಗುಂಡುಗಳಿಗೆ ವಾರಗಳ ಹೆಸರಿತ್ತು. ಗುಂಡು ಎಂದರೆ ಏರ್ ಪಿಸ್ತೂಲಿನ ಸೀಸದ ಪೆಲೆಟ್. ಬಟಾಣಿಗಿಂತ ಚಿಕ್ಕದು, ತೂಕ ಅರ್ಧ ಗ್ರಾಂ. ನಮ್ಮ ಕ್ಲಬ್ಬಿನಲ್ಲಿ ಪಿಸ್ತೂಲ್ ಸ್ಪರ್ಧೆ ಅಂದರೆ ಅಷ್ಟೇ: ಹತ್ತು ಮೀಟರ್ ದೂರ, ಕಾಗದದ ಗುರಿ, ಗಾಳಿಯ ಒತ್ತಡ.

ಭಾನುವಾರ ಬೆಳಿಗ್ಗೆ ಕಿಂಗ್ಸ್‌ಬರಿಯ ಮನೆಯಲ್ಲಿ ಅಮ್ಮ ಮೇಜಿನ ಮೇಲೆ ಹಳೆಯ ಟವೆಲ್ ಹಾಸಿ, ಪುಟ್ಟ ಡಿಜಿಟಲ್ ತಕ್ಕಡಿ ಇಟ್ಟು, ಕೈಗವಸು ತೊಟ್ಟು ಕೂರುತ್ತಿದ್ದಳು. ಒಂದೊಂದೇ ಪೆಲೆಟ್ ಎತ್ತಿ, ಅಂಚು ನೆಗ್ಗಿದೆಯೇ ನೋಡಿ, ತೂಗಿ, ಏಳು ಖಾನೆಗಳ ಮಾತ್ರೆ ಡಬ್ಬಿಗೆ ಹಾಕುತ್ತಿದ್ದಳು. ತೀರ ಹಗುರವಾದವು ಸೋಮವಾರಕ್ಕೆ, ತೀರ ಭಾರವಾದವು ಭಾನುವಾರಕ್ಕೆ. ನಡುವಿನ ಗುರುವಾರದವು ಮಾತ್ರ ಸ್ಪರ್ಧೆಗೆ.

“ಇವನ್ನ ಹೋದ ವಾರವೇ ತೂಗಿದ್ಯಲ್ಲಮ್ಮ.”

“ಪೇಷಂಟ್ ಹೋದ ವಾರ ಆರಾಮಿದ್ದ ಅಂತ ಈ ವಾರ ನೋಡೂದು ಬಿಡತಾರೇನ? ಸುಮ್ನ ಕೂಡು, ಮೇಜು ಅಲಗಾಡಸಬ್ಯಾಡ.”

ಅಮ್ಮ ಧಾರವಾಡದವಳು. ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರ್. ತೂಗುವ ಈ ಹುಚ್ಚು ಹತ್ತಿಸಿದವರು ಕ್ಲಬ್ಬಿನ ಹಿರಿಯ ರೈಫಲ್ ಸದಸ್ಯರೊಬ್ಬರು. ಅವರು ತಮ್ಮ ತೋಟಾಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಿದ್ದರು. ಖಾಲಿ ಹಿತ್ತಾಳೆ ಕೋಶಕ್ಕೆ ಅಳೆದ ಮದ್ದು ಹಾಕಿ, ತೂಗಿದ ಗುಂಡನ್ನು ಮೇಲೆ ಕೂರಿಸಿ. ಎಲ್ಲವೂ ಒಂದೇ ತೂಕವಿದ್ದರೆ, ಗುರಿ ತಪ್ಪಿದಾಗ ತಪ್ಪು ಯಾರದೆಂದು ಹುಡುಕಬೇಕಾಗಿಲ್ಲ ಎನ್ನುತ್ತಿದ್ದರು. ಈ ಮಾತು ಅಮ್ಮನಿಗೆ ಎಷ್ಟು ಹಿಡಿಸಿತ್ತೆಂದರೆ, ಅದರಿಂದ ಒಂದು ಕಟ್ಟಳೆಯನ್ನೇ ಮಾಡಿಕೊಂಡಿದ್ದಳು. ವರ್ಷಕ್ಕೊಮ್ಮೆ ಸೈಟ್, ಅಂದರೆ ಪಿಸ್ತೂಲಿನ ಮೇಲೆ ಹಿಂದೆ-ಮುಂದೆ ಇರುವ ಗುರಿನೋಟದ ಪಟ್ಟಿಗಳನ್ನು, ಹೊಂದಿಸುವುದು, ಆಮೇಲೆ ಅದರ ತಿರುಪನ್ನು ಮುಟ್ಟುವಂತಿಲ್ಲ. ಗುಂಡು ಪಕ್ಕಕ್ಕೆ ಹೋದರೆ ಕೈಯನ್ನು ತಿದ್ದಿಕೊಳ್ಳಬೇಕು.

ನನಗೆ ಕೆಲಸ ಸಿಕ್ಕಿ ನಾನು ಸ್ಟ್ರಾಟ್‌ಫರ್ಡ್‌ನ ಫ್ಲ್ಯಾಟಿಗೆ ಬಂದ ಮೇಲೆ ನಮಗಿಬ್ಬರಿಗೂ ಉಳಿದದ್ದು ವಾರದ ಕೊನೆ ಮಾತ್ರ. ಶನಿವಾರ ಬೆಳಿಗ್ಗೆ ನಾನು ಜುಬಿಲಿ ಲೈನ್ ರೈಲಿನ ಈ ತುದಿಯಿಂದ ಹೊರಡುತ್ತಿದ್ದೆ, ಅವಳು ಆ ಕಡೆಯಿಂದ. ವೆಂಬ್ಲಿ ಪಾರ್ಕ್ ಸ್ಟೇಷನ್ನಿನ ಮೆಟ್ಟಿಲ ಬಳಿ ಸೇರಿ ಕ್ಲಬ್ಬಿನ ಶೂಟಿಂಗ್ ರೇಂಜಿಗೆ ನಡೆಯುತ್ತಿದ್ದೆವು. ಅಲ್ಲಿ ಪಕ್ಕಪಕ್ಕದ ಲೇನುಗಳಲ್ಲಿ ನಿಂತು ಎರಡು ಗಂಟೆ ಮಾತಾಡುತ್ತಿರಲಿಲ್ಲ. ನಮ್ಮಿಬ್ಬರಿಗೂ ಮಾತು ಸುಲಭವಲ್ಲ. ಆದರೆ ಪೆಲೆಟ್ ಹಾಕಿ ಅವಳ ಪಿಸ್ತೂಲಿನ ಬಾಯಿ ಮುಚ್ಚುವ ‘ಟಕ್’ ಸದ್ದು ಎಡಗಡೆಯಿಂದ ಕೇಳುತ್ತಿತ್ತು. ಆ ಸದ್ದು ಬಂದ ಮೇಲೆಯೇ ನಾನು ಕೈ ಎತ್ತುತ್ತಿದ್ದೆ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಅಮ್ಮನ ಗುಂಡುಗಳು ಎಡಕ್ಕೆ ಸರಿಯತೊಡಗಿದವು. ಹರಡಿಕೊಂಡಿರಲಿಲ್ಲ, ಐದೂ ಒಟ್ಟಿಗೆ, ನಡುವಿನಿಂದ ಸ್ವಲ್ಪ ಎಡಕ್ಕೆ. ಇದು ಸೈಟಿನ ಲಕ್ಷಣ, ಕೈಯದಲ್ಲ ಎಂದೆ. ಅವಳು ಒಪ್ಪಲಿಲ್ಲ, ಟ್ರಿಗರ್ ಎಳೆಯುವ ಬೆರಳನ್ನು ಎತ್ತಿ ತೋರಿಸಿದಳು.

“ಬಟ್ಟು ತಪ್ಪು ಎಳೀಲಿಕ್ಕತ್ತದ. ತಿರುಪು ತಿರುವಿದರ ಬಟ್ಟು ಸುಧಾರಸ್ತದೇನ?”

ದಿನವೂ ಖಾಲಿ ಪಿಸ್ತೂಲ್ ಹಿಡಿದು ಗೋಡೆಗೆ ಗುರಿಯಿಟ್ಟು ಅಭ್ಯಾಸ ಮಾಡಿದಳು. ಆದರೂ ಎಡಕ್ಕೇ. ಒಂದು ಶನಿವಾರ ಗುರಿಯ ಕಾಗದಗಳನ್ನು ಮಡಿಸುತ್ತ, ನನ್ನ ಮುಖ ನೋಡದೆ, “ಸಾಕನಸ್ತದವಾ. ಮುಂದಿನ ತಿಂಗಳದಿಂದ ನೀ ಒಬ್ಬಾಕಿನ ಬಾ,” ಎಂದಳು.

ಆ ದಿನ ಅವಳ ಪಿಸ್ತೂಲ್ ಒರೆಸಿ ಪೆಟ್ಟಿಗೆಗಿಡುವಾಗ ಹಿಂದಿನ ಸೈಟಿನ ತಿರುಪನ್ನು ಬಲಕ್ಕೆ ಎರಡು ಕ್ಲಿಕ್ ತಿರುಗಿಸಿದೆ. ಒರೆಸುವುದು ಯಾವಾಗಲೂ ನನ್ನ ಕೆಲಸ. ಒಂದು ಕ್ಲಿಕ್ಕಿಗೆ ಗುಂಡು ಗುರಿಯ ಮೇಲೆ ಬಲಕ್ಕೆ ಸರಿಯುವುದು ಎರಡು ಮಿಲಿಮೀಟರೂ ಇಲ್ಲ. ಮುಂದಿನ ವಾರ ಅವಳ ಗುಂಡುಗಳು ನಡುವಿಗೆ ಹತ್ತಿರ ಬಂದವು.

“ನೋಡಿದೀ? ಬಟ್ಟು ಮಾತು ಕೇಳ್ಯದ!” ಆ ದಿನ ದಾರಿಯಲ್ಲಿ ಈಲಿಂಗ್ ರೋಡಿಗೆ ಕರೆದುಕೊಂಡು ಹೋಗಿ ಜಿಲೇಬಿ ಕೊಡಿಸಿದಳು.

ಗುಂಡುಗಳು ಮತ್ತೆ ಎಡಕ್ಕೆ ಸರಿದವು, ಮತ್ತೆ ಎರಡು ಕ್ಲಿಕ್ ತಿರುಗಿಸಿದೆ. ನಾಲ್ಕು ತಿಂಗಳಲ್ಲಿ ಹದಿನಾಲ್ಕಾಯಿತು. ಪ್ರತಿಯೊಂದನ್ನೂ ತಾರೀಖಿನ ಜೊತೆ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಎಂದಾದರೂ ಅವಳ ಗುರಿ ಸರಿಹೋದಾಗ ಅಷ್ಟನ್ನೂ ವಾಪಸು ತಿರುಗಿಸಬೇಕಲ್ಲ.

ಒಂದು ಬೆಳಿಗ್ಗೆ ಅವಳು ಪಿಸ್ತೂಲನ್ನು ನನ್ನತ್ತ ಚಾಚಿ, “ಮುಂದಿನ ಸೈಟ್ ಸೊಟ್ಟ ಆಗ್ಯದ, ನೋಡು,” ಎಂದಳು. ನೋಡಿದೆ. ನೆಟ್ಟಗಿತ್ತು.

“ನೆಟ್ಟಗಿದೆಯಮ್ಮ.”

“ಸರಿಯಾಗಿ ನೋಡು.”

“ನೋಡಿದೆ. ಇಟ್ಸ್ ಸ್ಟ್ರೇಟ್.”

ಗುರಿಯಿಡುವಾಗ ಅವಳು ಎಡಗಣ್ಣಿಗೆ ಸಣ್ಣ ಪ್ಲಾಸ್ಟಿಕ್ ಮರೆ ಕಟ್ಟುತ್ತಿದ್ದಳು. ಬಲಗಣ್ಣೊಂದರಿಂದಲೇ ಅವಳು ಲೋಕ ನೋಡುತ್ತಿದ್ದದ್ದು ಆ ಎರಡು ಗಂಟೆ ಮಾತ್ರ. ಮರೆಯನ್ನು ತೆಗೆಯದೆ ಅವಳು ಗೋಡೆಯ ಇಟ್ಟಿಗೆ ಸಾಲುಗಳನ್ನು ನೋಡಿದಳು, ಆಮೇಲೆ ಬಾಗಿಲ ಚೌಕಟ್ಟನ್ನು. ತುಂಬ ಹೊತ್ತು ನೋಡಿದಳು. ನಂತರ ಡಾಕ್ಟರ ದನಿಯಲ್ಲಿ, “ಗೆರಿ ಎಲ್ಲಾ ಡೊಂಕ ಕಾಣ್ತಾವ. ಮ್ಯಾಕುಲಾ,” ಎಂದಳು. ಕಣ್ಣಿನ ಹಿಂಭಾಗದ, ನಟ್ಟನಡುವಿನ ನೋಟದ ಜಾಗ ಅದು.

ಕಣ್ಣಿನ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ನೋಟ್‌ಬುಕ್ ತೆಗೆದು ಅವಳ ತೊಡೆಯ ಮೇಲಿಟ್ಟೆ. ಹೇಳುವುದನ್ನು ಹೇಳಿದೆ. ಅವಳು ಪುಟ ತಿರುಗಿಸಿದಳು.

“ಒಟ್ಟ ಎಷ್ಟ ಕ್ಲಿಕ್?”

“ಹದಿನಾಲ್ಕು.”

“ಮೊದಲನೇದು ಯಾವಾಗ?”

ತಾರೀಖು ತೋರಿಸಿದೆ. ಬೆರಳು ಆ ಸಾಲಿನ ಮೇಲೆ ನಿಂತಿತು. “ಗುಂಡು ಹಂಗ ಎಡಕ್ಕ ಹೋಗ್ಲಿಕ್ಕೆ ನೀ ಬಿಟ್ಟಿದ್ದರ, ನಾ ಆವಾಗನ ಬರ್ತಿದ್ದೆ ಇಲ್ಲಿಗೆ,” ಎಂದಳು. ಬೈಯಲಿಲ್ಲ. ನೋಟ್‌ಬುಕ್ಕನ್ನು ಒಳಗೆ ಒಯ್ದು ಕನ್ಸಲ್ಟಂಟ್‌ಗೆ ತೋರಿಸಿದಳು. ಇಂಥ ಕೇಸ್ ಹಿಸ್ಟರಿ ತಾವು ನೋಡಿಯೇ ಇಲ್ಲ ಎಂದು ಅವರು ಹೇಳಿದರಂತೆ.

ಇಂಜೆಕ್ಷನ್‌ಗಳು ರೋಗವನ್ನು ಇದ್ದಲ್ಲಿಗೆ ನಿಲ್ಲಿಸಿದವು. ಹೋದದ್ದು ಬರಲಿಲ್ಲ. ಎಡಗಣ್ಣು ಚೆನ್ನಾಗಿದೆ, ಓದುತ್ತಾಳೆ, ಅಡುಗೆ ಮಾಡುತ್ತಾಳೆ, ಭಾನುವಾರ ಈಗಲೂ ಪೆಲೆಟ್ ತೂಗಿ ನನಗಾಗಿ ಗುರುವಾರದ ಖಾನೆ ತುಂಬುತ್ತಾಳೆ. ರೇಂಜಿಗೆ ಮಾತ್ರ ಬರುವುದಿಲ್ಲ. ಎಡಗಣ್ಣಿನಿಂದ ಹೊಸದಾಗಿ ಕಲಿ ಎಂದು ಎರಡು ಸಲ ಕೇಳಿದೆ. “ನೋಡೂಣು,” ಎಂದಳು. ಮೂರನೆಯ ಸಲ ಕೇಳಲು ನನಗೆ ಬಾಯಿ ಬರಲಿಲ್ಲ.

ಹೋದ ತಿಂಗಳು ತನ್ನ ಪಿಸ್ತೂಲನ್ನು ಪೆಟ್ಟಿಗೆ ಸಮೇತ ನನಗೆ ಕೊಟ್ಟಳು. “ನಿನ್ನ ಕಣ್ಣಿಗೆ ಹೊಂದಸ್ಕೊ.”

ಶನಿವಾರ ಒಬ್ಬಳೇ ನಿಂತೆ. ಎಡಗಡೆಯ ಲೇನ್ ಖಾಲಿಯಿತ್ತು, ಆದರೂ ಆ ‘ಟಕ್’ಗಾಗಿ ಕೈ ತಡೆಯಿತು. ಹದಿನಾಲ್ಕು ಕ್ಲಿಕ್ ಹಾಗೇ ಇದ್ದ ತಿರುಪು ಮುಟ್ಟದೆ, ನಡುವಿಗೇ ಗುರಿಯಿಟ್ಟು, ಗುರುವಾರದ ಐದು ಪೆಲೆಟ್ ಹೊಡೆದೆ. ಗುರಿಯ ಕಾಗದ ತಂತಿಯ ಮೇಲೆ ಹತ್ತಿರ ಬಂದಾಗ ಐದೂ ಒಂದೇ ಕಡೆ, ಬಲಕ್ಕೆ, ಏಳು ಅಂಕದ ವೃತ್ತದಲ್ಲಿದ್ದವು. ಅವಳ ಕಣ್ಣು ತಪ್ಪಿದಷ್ಟೂ ದೂರ ಅಲ್ಲಿತ್ತು, ನಾಣ್ಯದಗಲದ ಒಂದು ತೂತಾಗಿ.

ತಿರುಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟೆ, ತಿರುಗಿಸಲಾಗಲಿಲ್ಲ. ಹೊರಗೆ ಬಂದು ಫೋನ್ ಮಾಡಿದೆ.

“ಎಲ್ಲಿ ಬಿದ್ದಾವ?” ಎಂದಳು ಅಮ್ಮ, ನಾನು ಏನೂ ಹೇಳುವ ಮೊದಲೇ.

ಪರವಾಗಿಲ್ಲ, ಹತ್ತಿರವೇ ಇವೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

“ಬಲಕ್ಕೆ, ಏಳರಲ್ಲಿ. ಐದೂ.”

ಆ ಕಡೆ ತಕ್ಕಡಿಯ ಗುಂಡಿ ಒತ್ತಿದ ಸದ್ದಾಯಿತು. ಶನಿವಾರವೇ ತೂಗಲು ಕೂತಿದ್ದಳು.

“ಕಾಗದ ಒಗೀಬ್ಯಾಡ,” ಎಂದಳು. “ನಾಳೆ ತೊಗೊಂಡ ಬಾ, ಎಷ್ಟ ತಪ್ಪಿತ್ತು ನಾನ ನೋಡ್ತೀನಿ. ತಿರುಪು ಹಂಗ ಇರ್ಲಿ.”