ಕಿವಿ ಮುಚ್ಚಿದ ಕಟ್ಟು

ಕಮರಿಪೇಟೆಯ ಆ ಓಣಿಯಲ್ಲಿ ಯಾವ ಮಗುವಿನ ಕೆನ್ನೆ ಊದಿದರೂ ಮೊದಲು ಗೊತ್ತಾಗುವುದು ಖಾನಾವಳಿಗಳಿಗೆ ರೊಟ್ಟಿ ಬಡಿದು ಹಾಕುವ ದೇವಕ್ಕನಿಗೆ. ಅವಳ ಬಾಗಿಲೆದುರೇ ಗುರುಸಿದ್ದಯ್ಯನವರ ಮನೆ. ಮಂಗನಬಾವಿಗೆ ಅಯ್ಯನವರು ಔಷಧ ಕಟ್ಟುತ್ತಾರೆಂದು ಗೋಪನಕೊಪ್ಪದಿಂದಲೂ ಜನ ಬರುತ್ತಿದ್ದರು. ಬೇವಿನೆಲೆ, ಅರಿಷಿಣ, ಕೆಮ್ಮಣ್ಣು ಅರೆದು ಎರಡೂ ಕೆನ್ನೆಗೆ ಮೆತ್ತಿ, ಗಲ್ಲದಿಂದ ನೆತ್ತಿಯವರೆಗೆ ಕಿವಿ ಸಮೇತ ಬಿಳಿ ಅರಿವೆ ಬಿಗಿಯುವುದು. ಐದು ದಿನ ಬಿಚ್ಚುವಂತಿಲ್ಲ. ಬಿಚ್ಚಿದರೆ ಗುಣವಿಲ್ಲ.

ಹಾಗೆ ಬಂದವರನ್ನು ದೇವಕ್ಕ ಸುಮ್ಮನೆ ಬಿಡುತ್ತಿರಲಿಲ್ಲ. ಹಿಟ್ಟಿನ ಕೈಯಲ್ಲೇ ಎದ್ದು ಅಡ್ಡ ನಿಲ್ಲುತ್ತಿದ್ದಳು.

“ಯವ್ವಾ, ಎಲ್ಲಿಗೆ ಹೊಂಟಿ? ಬೇವು, ಅರಿಷಿಣ ಹಚ್ಚಬೇಕಂದ್ರ ಮನ್ಯಾಗ ಹಚ್ಚು, ಯಾರು ಬ್ಯಾಡಂತಾರ? ತಣ್ಣನ ಅರಿವಿ ಇಡು, ಗಂಜಿ ಕುಡಿಸು, ಉಪ್ಪುನೀರು ಮುಕ್ಕಳಿಸಲಿ. ಹುಳಿ ಕೊಡಬ್ಯಾಡ, ಸಾಲಿಗೆ ಕಳಸಬ್ಯಾಡ. ಬಾವು ತಾನ ಇಳಿತೈತಿ. ಆದರ ಕಿವಿ ಮುಚ್ಚಬ್ಯಾಡ! ಕಿವಿ ಮಂದ ಅಂತು, ತಲಿ ಸಿಡಿತೈತಿ ಅಂತು, ವಾಂತಿ ಮಾಡ್ತು ಅಂದ್ರ ಆ ಗಳಿಗೀಗೆ ದವಾಖಾನಿಗೆ ಓಡು.”

ಅರ್ಧ ಜನ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಎದುರು ಕಟ್ಟೆಯ ಮೇಲೆ ಅಯ್ಯನವರ ಮುಖ ಹುಳ್ಳಗಾದ ದಿನ ದೇವಕ್ಕನಿಗೆ ಒಂದು ರೊಟ್ಟಿ ಹೆಚ್ಚೇ ಸೇರುತ್ತಿತ್ತು.

ಅವಳ ಹೊಟ್ಟೆಯ ಉರಿ ಹದಿನಾರು ವರ್ಷದ್ದು. ಮಗ ಮುತ್ತುವಿಗೆ ಆಗ ಏಳು ವರ್ಷ. ಇದೇ ಅಯ್ಯ, ಇದೇ ಕಟ್ಟು. ಎರಡನೇ ದಿನ ಹುಡುಗ, “ಯವ್ವಾ, ಎಡಗಿವಿ ಕೇಳವಲ್ದು” ಎಂದ. ದೇವಕ್ಕ ಅಯ್ಯನವರಲ್ಲಿಗೆ ಓಡಿದಳು. “ಅರಿವಿ ಬಿಗದೇವಿ, ಹೆಂಗ ಕೇಳ್ತೈತಿ? ಹುಚ್ಚಿ!” ಎಂದು ಅವರು ನಕ್ಕರು. ಅವಳೂ ನಕ್ಕಳು. ಆ ನಗು ನೆನೆದರೆ ಇಂದಿಗೂ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ ಅವಳಿಗೆ. ಐದನೇ ದಿನ ಬಿಚ್ಚಿದಾಗ ಬಾವು ಇಳಿದಿತ್ತು, ಎಡಗಿವಿ ಹೋಗಿತ್ತು. ಕಿವಿ ತಿಂದದ್ದು ಬೇನೆಯೇ, ಕಟ್ಟಲ್ಲ ಎಂದರು ಡಾಕ್ಟರು. ಆದರೆ ಕೇಳದಾದ ದಿನವೇ ತಂದಿದ್ದರೆ ಏನಾದರೂ ಮಾಡಿ ನೋಡಬಹುದಿತ್ತು, ಈಗ ತಡವಾಯಿತು ಎಂದೂ ಹೇಳಿದರು.

ಅದನ್ನಾದರೂ ಅವಳು ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಅಯ್ಯನವರು ಓಣಿಯ ನಳದ ಮುಂದೆ ಎಲ್ಲರೆದುರು, “ತಾಯಿ ಆದಾಕಿ ಕದ್ದು ಕಟ್ಟು ಬಿಚ್ಯಾಳ, ಅದಕ್ಕ ಹಿಂಗಾತು” ಎಂದುಬಿಟ್ಟರು. ಶುದ್ಧ ಸುಳ್ಳು! ಒಂದೆಳೆ ಸಡಿಲಿಸಿರಲಿಲ್ಲ ಅವಳು. ಓಣಿ ನಂಬಿತು. ಅತ್ತೆ ಸಾಯುವವರೆಗೂ ಅದನ್ನೇ ಆಡಿ ಆಡಿ ತಿಂದಳು. ಪೊಲೀಸ್ ಭರ್ತಿಯಿಂದ ಎಡಗಿವಿಯ ಸಲುವಾಗಿ ವಾಪಸಾದ ಮುತ್ತು ಹೊಲಿಗೆ ಮಶೀನಿಗೆ ಕೂತ ದಿನ, ದೇವಕ್ಕ ಎದುರು ಮನೆ ನೋಡಿ ಹಲ್ಲು ಕಡಿದಳು. ನಿನ್ನ ಮನೆಗೂ ಬರಲಿ, ಅಯ್ಯಾ.

ಬಂತು. ಹೋದ ತಿಂಗಳು ಒಂದು ಬೆಳಿಗ್ಗೆ ಅಯ್ಯನವರ ಸೊಸೆ ದ್ರಾಕ್ಷಾಯಿಣಿ ಆರು ವರ್ಷದ ಮಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ದೇವಕ್ಕನ ಹಿತ್ತಲ ಬಾಗಿಲಿಗೆ ಬಂದಳು. ಮಗುವಿನ ತಲೆಗೆ ಬಿಳಿ ಅರಿವೆ.

“ದೇವಕ್ಕಾ, ಕರದ್ರ ತಿರಗವಲ್ಲಳು. ಅರಿವಿ ಬಿಗದೇವಿ, ಹೆಂಗ ಕೇಳ್ತೈತಿ ಅಂತಾರ ಮಾವಾರು.”

ಅದೇ ಮಾತು! ದೇವಕ್ಕನ ಎದೆಯಲ್ಲಿ ಸಂತೋಷ ಹಾಲಿನಂತೆ ಉಕ್ಕಿತು. ನನಗೇನು ಗೊತ್ತವ್ವಾ ಎಂದರೆ ಸಾಕು. ಐದು ದಿನ ಕಳೆಯಲಿ, ಬಿಚ್ಚಲಿ, ಮುದುಕ ಎದೆ ಎದೆ ಬಡಿದುಕೊಳ್ಳಲಿ, ತಾನು ಬಾಗಿಲಲ್ಲಿ ಕೂತು ನೋಡಬೇಕು. ಅಷ್ಟರಲ್ಲಿ ಮಗು ಅರಿವೆಯ ಮೇಲಿಂದಲೇ ಕಿವಿ ಕೆರೆದುಕೊಂಡಿತು. ಮುತ್ತುವೂ ಹಾಗೇ ಕೆರೆದುಕೊಂಡಿದ್ದ.

“ಹಾಳಾಗ್ಲಿ ನಿಮ್ಮ ಮಾವನ ಕಟ್ಟು!” ಎನ್ನುತ್ತ ದೇವಕ್ಕ ಗಂಟು ಕಿತ್ತಳು. “ಲಗೂ ಆಟೋ ಹಿಡಿ. ಕಿವಿ ಡಾಕ್ಟರ್ ಕಡೆ ನಡಿ. ಮಾವ ಕೇಳಿದ್ರ ದೇವಕ್ಕನ ಬಿಚ್ಯಾಳಂತ ಹೇಳು. ಈ ಸಲ ಖರೇನ ಬಿಚ್ಚೇನಿ.”

ಸುದ್ದಿ ತಿಳಿದು ಗುರುಸಿದ್ದಯ್ಯನವರು ಕೋಲೂರುತ್ತ ಬೈಯುವುದಕ್ಕೇ ಬಂದರು. “ಕರದ್ರ ತಿರಗವಲ್ದಾಗಿತ್ತು ನಿಮ್ಮ ಮೊಮ್ಮಗಳು” ಎಂದಳು ದೇವಕ್ಕ. ಅವರು ಕೋಲನ್ನು ಗೋಡೆಗೆ ಒರಗಿಸಿದರು.

ಅವಳು ಮುತ್ತುವಿನ ಎಡಕ್ಕೆ ಸ್ಟೂಲು ಎಳೆದಳು. ಮುತ್ತು ಪಡಸಾಲೆಯಲ್ಲೇ ಗೋಡೆಗೆ ಮುಖ ಮಾಡಿ ಹೊಲಿಯುತ್ತಿದ್ದ. ಅವನ ಬಲಗಿವಿಯ ತುಂಬ ಮಶೀನಿನ ಗಡಗಡ.

“ಕುಂದರ್ರಿ, ಅಯ್ಯಾರ. ದವಾಖಾನಿಯಿಂದ ಅವರು ಬರೂತನಕ ನನ್ನ ಮಗನ್ನ ಕರೀರಿ.”

“ಮುತ್ತೂ,” ಎಂದರು. ಅವನು ತಿರುಗಲಿಲ್ಲ.

“ಇನ್ನೊಮ್ಮೆ.”

“ಮುತ್ತೂ… ತಮ್ಮಾ…” ಮಶೀನು ನಿಲ್ಲಲಿಲ್ಲ. ದೇವಕ್ಕ ಮತ್ತೊಂದು ರೊಟ್ಟಿ ಬಡಿಯಲು ಕೂತಳು.

ಮಧ್ಯಾಹ್ನ ಆಟೋ ಬಂದು ನಿಂತಿತು. ದ್ರಾಕ್ಷಾಯಿಣಿ ಅಳುತ್ತ ನಗುತ್ತ ಒಳಗೆ ಬಂದಳು. “ಪರೀಕ್ಷೆ ಮಾಡಿದ್ರು, ಮಾವಾರ. ಎರಡೂ ಕಿವಿ ಛಲೋ ಅದಾವಂತ! ಅರಿವಿ ಬಿಗದಿದ್ದಕ್ಕ ಕೇಳಿರಲಿಲ್ಲಂತ.”

ಮುದುಕರು ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ ಎದ್ದು ಕೋಲಿಗೆ ಕೈ ಚಾಚಿದರು. ದೇವಕ್ಕ ಕೋಲನ್ನು ಕಾಲಿನಿಂದ ಆಚೆ ಸರಿಸಿದಳು.

“ಕುಂದರ್ರಿ. ನಿಮ್ಮ ಮೊಮ್ಮಗಳಿಗೆ ಕೇಳಿಸ್ತು. ನನ್ನ ಮಗಗ ಇನ್ನೂ ಕೇಳಿಲ್ಲ. ಕರೀರಿ.”